ಪೈಲ್ವಾನ್ ಕಾರಿಗೆ ಮೂರು ಕೊಟೇಶನ್

ಒಂದೊಂದು ನೌಕರಿಯಿಂದ ಮನುಷ್ಯನಿಗೆ ಒಂದೊಂದು ರೋಗ ಅಂಟಿಕೊಳ್ಳುತ್ತದೆ. ಮೇಷ್ಟರಾಗಿದ್ದವರು ಮದುವೆಯ ಕರೆಯೋಲೆ ಬಂದರೂ ಕೆಂಪು ಪೆನ್ನು ಹುಡುಕುತ್ತಾರೆ. ಕಂಡಕ್ಟರಾಗಿದ್ದವರು ಸ್ವಂತ ಮನೆಯ ಊಟದ ಪಂಕ್ತಿಯಲ್ಲೂ ತಲೆ ಎಣಿಸುತ್ತಾರೆ. ನಾನು ಹೈದರಾಬಾದಿನ ಒಂದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ, ಖರೀದಿ ವಿಭಾಗದಲ್ಲಿ, ಮೂವತ್ತು ವರ್ಷ ಕುಳಿತು ಎದ್ದವನು. ಮೂರು ಕಡೆ ಕೊಟೇಶನ್ ತರಿಸದೆ ನಾನು ಏನನ್ನೂ ಕೊಳ್ಳಲಾರೆ. ನನ್ನ ಮೇಲಧಿಕಾರಿಯಾಗಿದ್ದ ಕುಲಕರ್ಣಿಯವರು ಸೇರಿದ ದಿನವೇ ಮಂತ್ರೋಪದೇಶ ಮಾಡಿದ್ದರು: "ನೋಡಪಾ, ಸಾಮಾನು ಹೆಂಗರ ಇರಲಿ, ಕಾಗದ ಗಟ್ಟಿ ಇರಬೇಕು." ಆ ಗಟ್ಟಿ ಕಾಗದದ ವಿಧಾನ ಹೀಗೆ. ಮಾರುವವನು ಎರಡು ಲಕೋಟೆ ಕೊಡಬೇಕು. ಒಂದರಲ್ಲಿ ಸಾಮಾನಿನ ಗುಣಲಕ್ಷಣ, ಇನ್ನೊಂದರಲ್ಲಿ ಬೆಲೆ. ಮೊದಲನೆಯದನ್ನು ಒಡೆದು, ಸಾಮಾನು ನಮ್ಮ ಷರತ್ತುಗಳಿಗೆ ಹೊಂದುತ್ತದೆಯೇ ಎಂದು ಅಳೆದು ಸುರಿದು, ಒಪ್ಪಿಗೆಯಾದರೆ ಮಾತ್ರ ಬೆಲೆಯ ಲಕೋಟೆಗೆ ಕೈ ಹಾಕಬೇಕು. ಅಲ್ಲಿಯವರೆಗೆ ಅದರ ಅರಗು ಒಡೆಯುವುದು ಮಹಾಪಾಪ.

ಈ ವಿಧಾನ ಕಾರ್ಖಾನೆಯ ಗೇಟಿನಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದು ನನ್ನ ಟಿಫಿನ್ ಡಬ್ಬಿಯ ಜೊತೆ ಬೋಯಿನಪಲ್ಲಿಯ ಮನೆಗೂ ಬಂತು. ನನ್ನ ಹೆಂಡತಿ ಇಂದುಮತಿ, ನನ್ನ ಬಾಯಲ್ಲಿ ಬರೀ ಇಂದು, ಮಿಕ್ಸರ್ ಬೇಕೆಂದು ಹೇಳಿದ್ದು ಯುಗಾದಿಗೆ. ನಾನು ಸಿಕಂದರಾಬಾದಿನ ಮೂರು ಅಂಗಡಿ ಸುತ್ತಿ, ಮೋಟಾರಿನ ಶಕ್ತಿ, ಅಲಗಿನ ಉಕ್ಕು, ಜಾರಿನ ಮುಚ್ಚಳದ ಬಿಗಿ ಎಲ್ಲವನ್ನೂ ತುಲನಾ ಪಟ್ಟಿಯಲ್ಲಿ ಬರೆದು ಅವಳ ಮುಂದಿಟ್ಟದ್ದು ದೀಪಾವಳಿಗೆ. ಅಷ್ಟರಲ್ಲಿ ಆ ಮೂರು ಮಾಡೆಲ್ಲೂ ಅಂಗಡಿಯಿಂದ ಮಾಯವಾಗಿದ್ದವು. "ಈ ಪಟ್ಟೀನ ರುಬ್ಬಿ ಚಟ್ನಿ ಮಾಡ್ಲೇನ್ರಿ?" ಎಂದಳು. ಮೂರು ಕಡೆ ನೋಡುವುದು ನನ್ನೊಬ್ಬನ ಚಾಳಿಯೇನೂ ಅಲ್ಲ, ನಿಮ್ಮಪ್ಪನೂ ಮೂವರು ವರರನ್ನು ನೋಡಿದ್ದರಲ್ಲ ಎಂದು ನಾನು ವಾದಿಸಿದೆ. "ಹೌದ್ರಿ, ಉಳಿದ ಇಬ್ಬರಿಗೆ ರಜಾ ಸಿಗಲಿಲ್ಲ. ತಾಬಡತೋಬ ಬಂದವ್ರು ನೀವೊಬ್ಬರ," ಎಂದು ಹೇಳಿ ಅವಳು ಒರಳುಕಲ್ಲಿನ ಕಡೆ ನಡೆದಳು.

ಇಂಥ ನಾನು ಒಂದು ಮಸಲ್ ಕಾರಿನ ಮೇಲೆ ಮನಸ್ಸಿಟ್ಟೆ ಎಂದರೆ ಓದುಗರು ನಗಬಹುದು. ಅಬಿಡ್ಸ್‌ನಲ್ಲಿ ಭಾನುವಾರ ಅಂಗಡಿಗಳ ಬಾಗಿಲು ಮುಚ್ಚಿದ ಮೇಲೆ ಅವುಗಳ ಮುಂದಿನ ಕಟ್ಟೆಯಲ್ಲಿ ಹಳೆಯ ಪುಸ್ತಕಗಳನ್ನು ಹರಡುತ್ತಾರೆ. ಅಲ್ಲಿ ಒಂದು ಅಮೆರಿಕದ ಪತ್ರಿಕೆ ಸಿಕ್ಕಿತು. ನಡುವಿನ ಪುಟದಲ್ಲಿ ಒಂದು ಕೆಂಪು ಕಾರು. ಎರಡೇ ಬಾಗಿಲು, ಉದ್ದ ಮೂತಿ, ಅಗಲ ಹೆಗಲು. ಹಿಂದೆ ನೇರವಾದ ಖಾಲಿ ರಸ್ತೆ, ಕೊನೆ ಕಾಣದ ಹಾಗೆ. ಒಂದು ಆಟೋ ಇಲ್ಲ, ಒಂದು ಎಮ್ಮೆ ಇಲ್ಲ. ಇಂಡೆಂಟು, ಟೆಂಡರುಗಳ ಕಾಗದಗಳಲ್ಲಿ ಕಣ್ಣು ಕೆಡಿಸಿಕೊಂಡ ನನಗೆ ಆ ಖಾಲಿ ರಸ್ತೆ ನೋಡಿ ಎದೆಯೊಳಗೆ ಏನೋ ಎಳೆದ ಹಾಗಾಯಿತು. ಆ ಎಳೆತ ಈಗಲೂ ಹೋಗಿಲ್ಲ. ಮನೆಗೆ ತಂದು ತೋರಿಸಿದೆ. ಮಸಲ್ ಕಾರು ಅಂದರೆ ಮೈಕಟ್ಟಿನ ಕಾರು, ಶಕ್ತಿಯೇ ಅದರ ಲಕ್ಷಣ ಎಂದು ವಿವರಿಸಿದೆ. "ಪೈಲ್ವಾನ್ ಕಾರು ಅನ್ರಿ ಮತ್ತ," ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಅದೇ.

ಅವಳು ನಕ್ಕು ಸುಮ್ಮನಾಗುತ್ತಾಳೆ ಅಂದುಕೊಂಡಿದ್ದೆ. ಆದರೆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇದರಾಗ ಕಾಶಿಗೆ ಹೋಗಾಕ ಬರತೈತೇನ್ರಿ?" ಎಂದು ಕೇಳಿದಳು. ಆ ಪ್ರಶ್ನೆಗೆ ಹಳೆಯ ಕಥೆಯುಂಟು. ರಾಯಚೂರಿನಲ್ಲಿ ನಮ್ಮ ಮದುವೆಯಾದಾಗ ಪದ್ಧತಿಯಂತೆ ನಾನು ಕೊಡೆ ಹಿಡಿದು, ಪಂಚಾಂಗ ಕಂಕುಳಲ್ಲಿಟ್ಟು ಕಾಶಿಗೆ ಹೊರಟವನು. ಹತ್ತು ಹೆಜ್ಜೆ ಹಾಕುವುದರಲ್ಲಿ ಅವಳ ಅಣ್ಣ ಅಡ್ಡ ಬಂದು, ಕೈಗೆ ಬೆಲ್ಲ ಕೊಬ್ಬರಿ ಕೊಟ್ಟು, ತಂಗಿಯನ್ನು ಕೊಡುತ್ತೇವೆ ತಿರುಗಿ ಬನ್ನಿ ಎಂದ. ತಿರುಗಿ ಬಂದೆ. ಸಂಸಾರ ಶುರುವಾದ ಮೊದಲ ವಾರವೇ ಇಂದು ಕೇಳಿದ್ದಳು: "ಅರ್ಧಕ್ಕ ಬಿಟ್ಟ ಕಾಶಿ ಯಾವಾಗ ಮುಗಸ್ತೀರಿ? ಈ ಸಲ ನಾನೂ ಬರ್ತೀನಿ." ಬೋಯಿನಪಲ್ಲಿಯಲ್ಲಿ ಮನೆ ಮಾಡಿದ ಮೇಲೆ ಈ ಆಸೆ ಇನ್ನಷ್ಟು ಬೆಳೆಯಿತು. ನಮ್ಮ ಬೀದಿಯ ತುದಿಯಲ್ಲಿರುವುದು ನಾಗಪುರದ ಹೆದ್ದಾರಿ. ಒಂದು ಕಡೆ ಹಿಡಿದರೆ ಕನ್ಯಾಕುಮಾರಿ, ಇನ್ನೊಂದು ಕಡೆ ಹಿಡಿದರೆ ಸೀದಾ ಕಾಶಿ. ತರಕಾರಿಗೆ ಹೋದವಳು ಲಾರಿಗಳ ನಂಬರು ಓದಿಕೊಂಡು ಬರುತ್ತಿದ್ದಳು. "ಇವತ್ತ ಪಂಜಾಬ ಬಂದಿತ್ರಿ. ಡ್ರೈವರ್ ರಸ್ತೆ ಬಾಜೂಕ ರೊಟ್ಟಿ ಸುಡಾಕತ್ತಿದ್ದ," ಎಂದು ನೆಂಟರು ಬಂದುಹೋದಷ್ಟು ಸಂಭ್ರಮದಿಂದ ಹೇಳುತ್ತಿದ್ದಳು. ನಾವು ಊರು ನೋಡಿಲ್ಲವೆಂದಲ್ಲ. ಕಂಪನಿಯ ರಜಾ ಪ್ರಯಾಣದ ಸೌಲಭ್ಯದಲ್ಲಿ ರೈಲಿನಲ್ಲಿ ಪುರಿಗೆ ಹೋದೆವು, ಮಧುರೆಗೆ ಹೋದೆವು. ಅಲ್ಲೆಲ್ಲ ನಾನು ದೇವರಿಗಿಂತ ಹೆಚ್ಚು ಜೋಪಾನ ಮಾಡಿದ್ದು ಆಫೀಸಿಗೆ ಒಪ್ಪಿಸಬೇಕಾದ ಟಿಕೆಟುಗಳನ್ನು. ಬೇಕೆಂದಲ್ಲಿ ನಿಂತು, ಬೇಡವೆಂದಾಗ ಹೊರಟು, ದಾರಿಯ ಬದಿಯಲ್ಲಿ ಬುತ್ತಿ ಬಿಚ್ಚುವ ಪ್ರಯಾಣ ಅವಳಿಗೆ ಬೇಕಾಗಿತ್ತು.

ಸರಿ, ಕಾಶಿಗೆ ಪೈಲ್ವಾನನಲ್ಲೇ ಹೋಗುವುದೆಂದು ತೀರ್ಮಾನವಾಯಿತು. ನಾನು ಫೈಲು ತೆರೆದೆ. ಇಂಜಿನ್ನಿಗೆ ಎಂಟು ಸಿಲಿಂಡರ್ ಇರತಕ್ಕದ್ದು. ಅದರ ಗುಡುಗು ಚೌರಸ್ತೆಯಿಂದ ನಮ್ಮ ಅಡುಗೆಮನೆಗೆ ಕೇಳಿಸತಕ್ಕದ್ದು. ಡಿಕ್ಕಿಯಲ್ಲಿ ಸ್ಟೌ, ಹಾಸಿಗೆ ಸುರುಳಿ, ಗಂಗಾಜಲಕ್ಕೆ ತಾಮ್ರದ ಬಿಂದಿಗೆ, ಉಪ್ಪಿನಕಾಯಿಯ ಎರಡು ಭರಣಿ ಅಲುಗಾಡದಂತೆ ಕೂರತಕ್ಕದ್ದು. ನೆಲದಿಂದ ಎತ್ತರ ನಮ್ಮ ಕಾಲೊನಿಯ ಸ್ಪೀಡ್ ಬ್ರೇಕರ್ ದಾಟುವಷ್ಟು ಇರತಕ್ಕದ್ದು. ಇಂಥ ಕಾರು ಮಾಡುವ ಕಂಪನಿಗಳು ಅಮೆರಿಕದಲ್ಲಿ ಮೂರಿವೆ. ಅವುಗಳ ಹೆಸರನ್ನು ಇಲ್ಲಿ ಹೇಳುವಂತಿಲ್ಲ, ಟೆಂಡರ್ ನಡೆಯುತ್ತಿರುವಾಗ ಅದು ಗೋಪ್ಯ. ಹೊರದೇಶದ ಕಾರು ತರಿಸಿಕೊಡುವ ಮೂವರಿಗೆ ಪತ್ರ ಬರೆದೆ. ಮುಂಬಯಿಯವನು ಬಣ್ಣದ ಪುಸ್ತಕ ಕಳಿಸಿ ಕೈತೊಳೆದುಕೊಂಡ. ಚೆನ್ನೈನವನು ಉತ್ತರವನ್ನೇ ಕೊಡಲಿಲ್ಲ. ಬೇಗಂಪೇಟೆಯ ಅಂಗಡಿಯ ಸಲೀಂ ಒಬ್ಬನೇ ನಾನು ಕೇಳಿದ ಹಾಗೆ ಎರಡು ಲಕೋಟೆ ಕೊಟ್ಟವನು. ಒಂದೇ ಕೊಟೇಶನ್ ಬಂದರೆ ನಿಯಮದ ಪ್ರಕಾರ ಮತ್ತೆ ಟೆಂಡರ್ ಕರೆಯಬೇಕು. ಕರೆದೆ. ಅಷ್ಟರಲ್ಲಿ ಅಮೆರಿಕದವರು ಮಾಡೆಲ್ ಬದಲಾಯಿಸಿದರು. ಷರತ್ತುಗಳಿಗೆ ತಿದ್ದುಪಡಿ ಹೊರಡಿಸಿದೆ. ಅದಕ್ಕೂ ಉತ್ತರ ಕೊಟ್ಟವನು ಸಲೀಂ ಒಬ್ಬನೇ. ಮತ್ತೆ ಮರುಟೆಂಡರ್. ಮೊದಲ ಸಲದ ಬೆಲೆಯ ಲಕೋಟೆ ಅರಗು ಸಮೇತ ಬೀರುವಿನಲ್ಲಿ, ನನ್ನ ಮದುವೆಯ ಶಲ್ಯದ ಕೆಳಗೆ ಮಲಗಿತು.

ಹೀಗೆ ಎಂಟು ವರ್ಷ. ಈ ಎಂಟು ವರ್ಷವೂ ತಿಂಗಳಿಗೊಂದು ಭಾನುವಾರ ನಾವಿಬ್ಬರು ನಮ್ಮ ಬಿಳಿ ಪುಟ್ಟ ಕಾರಿನಲ್ಲಿ ಬೇಗಂಪೇಟೆಗೆ ಹೋಗುತ್ತಿದ್ದೆವು. ಆ ಪುಟ್ಟ ಕಾರು ಮಾತ್ರ ಕೊಟೇಶನ್ ಇಲ್ಲದೆ ಮನೆಗೆ ಬಂದದ್ದು. ವರ್ಗವಾಗಿ ಮರುದಿನದ ರೈಲಿಗೆ ಹೊರಟಿದ್ದ ಸಹೋದ್ಯೋಗಿ ಕೀಲಿ ಕೈಯಲ್ಲಿಟ್ಟು ಹೋಗಿಬಿಟ್ಟಿದ್ದ. ಅದು ಹದಿನಾಲ್ಕು ವರ್ಷದಿಂದ ತಕರಾರಿಲ್ಲದೆ ಓಡುತ್ತಿದೆ. ಇಂದು ಒಗ್ಗರಣೆ ಅವಲಕ್ಕಿ ಡಬ್ಬಿಗೆ ತುಂಬಿಕೊಂಡು, ಪಕ್ಕದಲ್ಲಿ ಕುಳಿತು, ಗಾಜು ಪೂರ್ತಿ ಇಳಿಸುತ್ತಿದ್ದಳು. ಅಂಗಡಿಯಲ್ಲಿ ನಿಜವಾದ ಪೈಲ್ವಾನ್ ಇರಲಿಲ್ಲ, ಗೋಡೆಯ ಮೇಲೆ ಚಿತ್ರಗಳಿದ್ದವು. ನಾನು ಕೆಂಪು ಮೇಲೋ ಹಳದಿ ಮೇಲೋ ಎಂದು ಚರ್ಚಿಸುತ್ತಿದ್ದೆ. ಸಲೀಂಗೆ ನನ್ನ ಮೇಲೆ ಅಪಾರ ಗೌರವ. "ಸಾಬ್, ದಾಮ್ ಪೂಛೇ ಬಗೈರ್ ಗಾಡಿ ಪಸಂದ್ ಕರ್ತೇ ಆಪ್," ಎಂದು ಚಹಾ ತರಿಸುತ್ತಿದ್ದ. ಬೆಲೆ ಕೇಳದೆ ಕಾರು ಆರಿಸುವವನು ಯಾವುದೋ ಹಳೆಯ ನವಾಬರ ಮನೆತನದವನೇ ಇರಬೇಕೆಂದು ಅವನ ಲೆಕ್ಕಾಚಾರ. ನಾನೂ ತಿದ್ದಲಿಲ್ಲ. ನಡುವೆ ನಾನು ನಿವೃತ್ತನಾದೆ. ಇನ್ನು ರಜೆಯ ನೆಪವೂ ಇರಲಿಲ್ಲ, ಆದರೂ ಫೈಲು ಮುಗಿಯಲಿಲ್ಲ.

ಮೊನ್ನೆ ಸಲೀಂ ಫೋನು ಮಾಡಿದ. ಯಾರಿಗೋ ತರಿಸಿದ ಅಸಲಿ ಪೈಲ್ವಾನ್ ಬಂದಿದೆ, ಎರಡು ದಿನ ಅಂಗಡಿಯಲ್ಲಿರುತ್ತದೆ, ಬಂದು ಕುಳಿತು ನೋಡಿ ಎಂದ. ನಾವು ಮದುವೆ ಮನೆಗೆ ಹೊರಟವರಂತೆ ಹೊರಟೆವು. ಇಂದು ಇಳಕಲ್ ಸೀರೆ ಉಟ್ಟಳು. ಕಾರು ನಾನು ಕಂಡ ಕನಸಿಗಿಂತ ಕೆಂಪಗಿತ್ತು. ಬಾಗಿಲು ತೆರೆದರು. ಸೀಟು ಊಟದ ಮಣೆಯಷ್ಟು ಕೆಳಗಿತ್ತು. ಇಂದು ಒಂದು ಕೈಯಿಂದ ಸೀರೆ ಹಿಡಿದು, ಇನ್ನೊಂದರಿಂದ ಬಾಗಿಲು ಹಿಡಿದು, ದೊಪ್ಪನೆ ಕುಳಿತಳು. ಕುಳಿತವಳು ಗಾಜಿನಾಚೆ ಬೇಗಂಪೇಟೆಯ ರಸ್ತೆಯನ್ನೇ ನೋಡುತ್ತಿದ್ದಳು. ಮೇಲೆ ಒಂದು ವಿಮಾನ ಇಳಿಯುತ್ತಿತ್ತು, ಅವಳು ಅದನ್ನು ನೋಡಲಿಲ್ಲ. ಅಷ್ಟು ಆಸೆಯ ಮುಖ ನಾನು ಅವಳಲ್ಲಿ ಕಂಡು ಬಹಳ ವರ್ಷವಾಗಿತ್ತು. ನನಗೆ ಸಂತೋಷವೂ ಆಯಿತು, ಅಳುಕೂ ಆಯಿತು.

"ಇಂದೂ, ಸಾಕು, ಇಳಿ," ಎಂದೆ.

"ಇಳೀಬೇಕಂತನ ಮಾಡೇನ್ರಿ. ಮೊಣಕಾಲು ಏಳವಲ್ವು."

ನಾನು ಒಂದು ಕೈ ಹಿಡಿದೆ. ಸಲೀಂ ಓಡಿ ಬಂದು ಇನ್ನೊಂದು ಕೈ ಹಿಡಿದ. "ಹಳ್ಳೂ ಅಮ್ಮಾ, ಹಳ್ಳೂ," ಎಂದು ಅವನು ಮೆಲ್ಲಗೆ ಎಳೆಯುತ್ತಾನೆ, ನಾನು ಅವಸರದಿಂದ ಎಳೆಯುತ್ತೇನೆ, ಅವಳು ಅರ್ಧಕ್ಕೆ ಎದ್ದು ಮತ್ತೆ ಕೂರುತ್ತಾಳೆ. ಮೂರನೆಯ ಸಲಕ್ಕೆ ಹೊರಗೆ ಬಂದಳು. ಬಂದವಳು ಸೆರಗಿನಿಂದ ಬೆವರು ಒರೆಸಿಕೊಂಡು ಜೋರಾಗಿ ನಕ್ಕಳು. "ನೀವು ಟೆಂಡರ್ ಕರದಾಗ ಕೊಂಡಿದ್ರ ನಾ ಜಿಗದ ಇಳೀತಿದ್ದೆ ನೋಡ್ರಿ!" ಸಲೀಂಗೆ ಕನ್ನಡ ಬಾರದು, ಆದರೂ ನಕ್ಕ. ನನಗೆ ನಗು ಬರಲಿಲ್ಲ. ಕಾರು ನೆಲದಿಂದ ಎಷ್ಟು ಎತ್ತರ ಇರಬೇಕೆಂದು ಫೈಲಿನಲ್ಲಿ ಬರೆದಿದ್ದೆ. ಇವಳ ಮೊಣಕಾಲು ಎಷ್ಟು ವರ್ಷ ಕಾಯಬಲ್ಲವು ಎಂದು ಎಲ್ಲೂ ಬರೆದಿರಲಿಲ್ಲ.

ಮನೆಗೆ ಬಂದು ಫೈಲು ತೆಗೆದು, ಟೆಂಡರ್ ರದ್ದಾಗಿದೆ ಎಂದು ಬರೆದೆ. ಬೆಲೆಯ ಲಕೋಟೆಯನ್ನು ಒಡೆದಾದರೂ ಬಿಡೋಣವೆಂದು ಶಲ್ಯದ ಕೆಳಗಿನಿಂದ ಎಳೆದೆ. ಇಂದು ಮಂಚದ ಮೇಲೆ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಅದನ್ನೇನು ಒಡೀತೀರಿ, ಬಿಡ್ರಿ. ನಾ ನೋಡೇನಿ," ಎಂದಳು.

"ಯಾವಾಗ?"

"ಅದು ಬಂದ ದಿನಾನ. ಕುಕ್ಕರಿನ ಉಗಿಗೆ ಹಿಡದೆ, ಬಾಜೂಕ ಬಿಚ್ಚಿಕೊಂತು. ಓದಿ, ಅನ್ನದ ಅಗಳು ಹಚ್ಚಿ ಮತ್ತ ಅಂಟಿಸಿಟ್ಟೆ. ನಿಮ್ಮ ಅರಗಿಗೆ ಏನೂ ಆಗಿಲ್ಲ."

ಎಂಟು ವರ್ಷದಿಂದ ಅವಳಿಗೆ ಗೊತ್ತಿತ್ತು. ಅಷ್ಟು ಬೆಲೆಯ ಕಾರು ನಮ್ಮ ಬೀದಿಗೆ ಬರುವುದಿಲ್ಲವೆಂದು ಗೊತ್ತಿದ್ದೂ ಕೆಂಪೋ ಹಳದಿಯೋ ಎಂದು ಕೇಳಿದಾಗಲೆಲ್ಲ ಕೆಂಪು ಎಂದು ಹೇಳುತ್ತಿದ್ದಳು. ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಹೇಳಿದ್ರ ರವಿವಾರದ ಸವಾರಿ ನಿಂತ ಹೋಗತಿತ್ತಲ್ಲರಿ," ಎಂದಳು. "ಕಾಶಿ ಅಲ್ಲದಿದ್ರ ಬೇಗಂಪೇಟಿ. ಗಾಜು ಇಳಿಸಿ, ಅವಲಕ್ಕಿ ತಿನಕೊಂತ, ನಿಮ್ಮ ಬಾಜೂಕ ಕುಂತು ಅಷ್ಟು ದೂರರ ಹೋಗಿ ಬರತಿದ್ದೆ. ನನಗ ಪೈಲ್ವಾನ್ ಯಾಕ ಬೇಕಾಗಿತ್ರಿ? ನಮ್ಮ ಸಣ್ಣ ಕಾರು ಕಾಶಿಗೆ ಬರಾಂಗಿಲ್ಲ ಅಂತ ಹೇಳೇತೇನು?"

ಬೆಲೆ ಎಷ್ಟಿತ್ತೆಂದು ನಾನು ಕೇಳಲಿಲ್ಲ. ಸಾಮಾನನ್ನೇ ಸರಿಯಾಗಿ ಅಳೆಯದವನಿಗೆ ಬೆಲೆ ಕೇಳುವ ಅಧಿಕಾರವಿಲ್ಲ. ಆ ಸಂಜೆಯೆಲ್ಲ ರಾಯಚೂರಿನ ಮದುವೆಯೇ ನೆನಪಿಗೆ ಬರುತ್ತಿತ್ತು. ನನ್ನನ್ನು ಕಾಶಿಯ ದಾರಿಯಿಂದ ತಿರುಗಿಸಿದವನು ಅವಳ ಅಣ್ಣ, ಬೆಲ್ಲ ಕೊಬ್ಬರಿ ಕೊಟ್ಟು. ಅವಳನ್ನು ಇಷ್ಟು ವರ್ಷ ತಿರುಗಿಸಿದವನು ನಾನು, ಬೆಲ್ಲವನ್ನೂ ಕೊಡದೆ. ನಾಚಿಕೆಯಾಯಿತು. ಬರುವ ಸೋಮವಾರವೇ ಹೊರಡುವುದೆಂದು ಮಾತು ಕೊಟ್ಟೆ.

ಸೋಮವಾರದ ಒಳಗೆ ಟೈರು ಬದಲಿಸಬೇಕಾಗಿತ್ತು. ಹಳೆಯವು ಸವೆದಿದ್ದವು, ಕಾಶಿಯ ದಾರಿ ಅಂದರೆ ತಮಾಷೆಯಲ್ಲ. ಸಿಕಂದರಾಬಾದಿನ ಅಂಗಡಿಯಲ್ಲಿ ವಿಚಾರಿಸಿದೆ. ಬಾಲಾನಗರದ ಅಂಗಡಿಯಲ್ಲಿ ವಿಚಾರಿಸಿದೆ. ಸೋಮವಾರ ಬೆಳಿಗ್ಗೆ, ಇನ್ನೊಂದೇ ಒಂದು ಕಡೆ ಕೇಳಿಕೊಂಡು ಬರುತ್ತೇನೆ, ಗುರುವಾರ ಹೊರಟರಾಯಿತು ಎಂದು ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಇಂದು ಕಾರಿನಲ್ಲಿ ಕುಳಿತಿದ್ದಳು. ಮಡಿಲಲ್ಲಿ ಅವಲಕ್ಕಿಯ ಡಬ್ಬಿ, ಹಿಂದಿನ ಸೀಟಿನಲ್ಲಿ ಹಾಸಿಗೆ ಸುರುಳಿ, ತಾಮ್ರದ ಬಿಂದಿಗೆ, ಉಪ್ಪಿನಕಾಯಿಯ ಎರಡು ಭರಣಿ. ನಾನು ತುಲನಾ ಪಟ್ಟಿಯ ಕಾಗದವನ್ನು ಬೆನ್ನ ಹಿಂದೆ ಮರೆಮಾಡಿದೆ. ಅವಳು ಆಗಲೇ ನೋಡಿಯಾಗಿತ್ತು.

"ಎಲ್ಲಿಗೆ ಹೊಂಟೀರಿ?"

"ಟೈರಿನ ಮೂರನೇ ಅಂಗಡಿ ಒಂದು..." ಎಂದು ತೊದಲಿದೆ.

"ಅದು ನಾಗಪುರದಾಗ ಐತಿ ಅಂತ ತಿಳೀರಿ," ಎಂದು ಕೀಲಿ ಚಾಚಿದಳು. "ಹತ್ರಿ."

ಹತ್ತಿದೆ. ಹೆದ್ದಾರಿಗೆ ಬಂದು ಎಡಕ್ಕೆ, ಕಾಶಿಯ ಕಡೆಗೆ, ತಿರುಗಿಸಿದೆ. ಊರಾಚೆಯ ಮೇಡ್ಚಲ್ ದಾಟುವವರೆಗೂ, ಸುಳ್ಳೇಕೆ ಹೇಳಲಿ, ಎದುರಿಗೆ ಅಡ್ಡ ಬಂದು ಯಾರಾದರೂ ಬೆಲ್ಲ ಕೊಬ್ಬರಿ ಕೊಡುತ್ತಾರೇನೋ ಎಂದು ರಸ್ತೆಯ ಎರಡೂ ಬದಿ ನೋಡುತ್ತಲೇ ಇದ್ದೆ.