ಸ್ಕ್ರೋಲ್ ಲಾಕಿನ ದೀಪ

ನಮ್ಮ ಕಾಕಾನಷ್ಟು ಆಳವಾಗಿ ಕಂಪ್ಯೂಟರ್ ಅಭ್ಯಾಸ ಮಾಡಿದವರು ಇಡೀ ಸೊಲ್ಲಾಪುರ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಅದರಲ್ಲಿ ಒಂದು ಬಿಲ್ಲು ಮಾಡಲು ಅವರಿಗೆ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು! ಈಜು ಕಲಿಯಲು ಬಾವಿಗೆ ಹೋಗಿ, ಮೆಟ್ಟಿಲ ಮೇಲೆ ಕೂತು ಕಲ್ಲುಗಳ ಯೋಗಕ್ಷೇಮ ವಿಚಾರಿಸುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರ ಜೊತೆಗೇ ಕ್ಲಾಸಿಗೂ ಹೋಗಿದ್ದೇನೆ.

ತೊಂಬತ್ತರ ದಶಕದ ನಡುವಿನ ಕಥೆ. ಇಸವಿ ಕೇಳಬೇಡಿ. ಇಸವಿ ಸಮೇತ ನೆನಪಿದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಂಶಯ. ಕಾಕಾ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಚಾದರು ಗೋದಾಮಿನಲ್ಲಿ ಟೈಪಿಸ್ಟ್ ಆಗಿದ್ದರು. ಒಂದು ದಿನ ಮಾಲೀಕರಾದ ಶೇಠ್‌ಜಿ ಅಲ್ಲಿಗೆ ಕಂಪ್ಯೂಟರ್ ತರಿಸಿದರು. ಅದಕ್ಕೊಂದು ಪ್ರತ್ಯೇಕ ಕೋಣೆ, ಬಾಗಿಲಿಗೆ ಪರದೆ, ಚಪ್ಪಲಿ ಹೊರಗೆ! "ಚಪ್ಪಲಿ ಬಿಟ್ಟು ಒಳಗ ಹೋಗಬೇಕು ಅಂದಮ್ಯಾಲ ದೊಡ್ಡ ಆಸಾಮಿನ ಇರಬೇಕು" ಎಂದರು ಕಾಕಾ. ಶೇಠ್‌ಜಿ ಸ್ಪಷ್ಟವಾಗಿ ಹೇಳಿಬಿಟ್ಟರು: ದೀಪಾವಳಿ ಪಾಡ್ಯದಿಂದ ಬಿಲ್ಲುಗಳೆಲ್ಲ ಕಂಪ್ಯೂಟರಿನಲ್ಲಿ. ಅಷ್ಟರಲ್ಲಿ ಕಲಿತರೆ ಆ ಕೋಣೆಯ ಕುರ್ಚಿ ಕಾಕಾನದು. ಇಲ್ಲದಿದ್ದರೆ ಬೇರೆ ಯಾರದೋ.

ಸಾತ್ ರಸ್ತಾ ಹತ್ತಿರದ ಕ್ಲಾಸಿನಲ್ಲಿ ಹೆಸರು ಹಚ್ಚಿದೆವು. ಕಲಿಸುವವಳು ಕಂದಲಗಾಂವದಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ಕಾಕಾನ ಅರ್ಧ ವಯಸ್ಸಿನವಳು, ಎಲ್ಲರಿಗೂ ಮ್ಯಾಡಮ್. ಅವಳು ಎ, ಬಿ, ಸಿ ಎಂದು ಶುರುಮಾಡುವಷ್ಟರಲ್ಲಿ ಕಾಕಾ ಕೈ ಎತ್ತಿದರು.

"ಮ್ಯಾಡಮ್, ಇವರೆಲ್ಲಾ ಟೈಪರೈಟರಿನಾಗಿನ ಜುನೀ ಮಂದಿ, ನಮಗ ಗುರತದವರ. ಈ ಮ್ಯಾಲ ಬಲಕ್ಕ ಕುಂತಾರಲ್ಲ, ಇವರು ಯಾರು?"

"ಅದು ಸ್ಕ್ರೋಲ್ ಲಾಕ್. ಅದನ್ನ ಬಿಡ್ರಿ ಕಾಕಾ, ಅದರದೇನೂ ಉಪಯೋಗ ಇಲ್ಲ."

"ಉಪಯೋಗ ಇಲ್ಲದವಗ ಸ್ವಂತ ದಿವಾ ಯಾರು ಕೊಡತಾರವಾ?"

ಒತ್ತಿದರು. ಮೂಲೆಯಲ್ಲಿ ಪುಟ್ಟ ದೀಪ ಹತ್ತಿತು.

"ಈಗ ಏನಾತು?"

"ದಿವಾ ಹತ್ತೀತ್ರಿ."

"ಮತ್ತ?"

"ಮತ್ತ ಒತ್ತಿದ್ರ ಆರತೈತ್ರಿ."

"ನಮ್ಮ ಗಲ್ಲಿ ದಿವಾನೂ ಇಷ್ಟ ಮಾಡತೈತಿ. ಅದನ್ನ ನೋಡಾಕ ನಾವು ಫೀ ಕೊಟ್ಟಿಲ್ಲ!"

ಇಡೀ ಕ್ಲಾಸು ನಕ್ಕಿತು. ಮ್ಯಾಡಮ್ ನಗಲಿಲ್ಲ. ಡಿ, ಇ, ಎಫ್ ಎಂದು ಮುಂದುವರಿಸಿದಳು.

ಅಂದಿನಿಂದ ಕಾಕಾ ಅನಾಥ ಕೀಲಿಗಳ ಪಾಲಕರಾದರು. ಪಾಜ್ ಒತ್ತಿ ಯಾವುದು ನಿಂತಿತೆಂದು ಸುತ್ತ ನೋಡುವರು. ಪಂಖ ತಿರುಗುತ್ತಲೇ ಇರುತ್ತಿತ್ತು. ಇನ್ಸರ್ಟ್ ಒತ್ತಿದಾಗ ಮುಂದಿನ ಅಕ್ಷರಗಳನ್ನೆಲ್ಲ ಅದು ನುಂಗತೊಡಗಿತು. "ಈತ ಶಾಂತ ಕಾಣತಾನ, ಒಳಗ ಭಾಳ ಹಸದಾನ" ಎಂದು ಅವನಿಂದ ದೂರ ಸರಿದರು.

ಇದಕ್ಕೆಲ್ಲ ಮೂಲ ಅಕ್ಕಲಕೋಟೆಯಲ್ಲಿದೆ. ಅಲ್ಲಿನ ನಮ್ಮ ಮನೆಯಲ್ಲಿ ಪಂಕ್ತಿಗೆ ಬಡಿಸುವುದು ಕೊನೆಯ ಎಲೆಯಿಂದ. ಗುರುತಿನವರು ಮುಂದೆ ಕೂತಿರುತ್ತಾರೆ, ಕೇಳಿ ಹಾಕಿಸಿಕೊಳ್ಳುತ್ತಾರೆ. ಕೊನೆಗೆ ಕೂತವರು ಕೇಳುವುದಿಲ್ಲ. ಕಾಕಾ ಚಿಕ್ಕಂದಿನಿಂದ ಹಾಗೆಯೇ ಬಡಿಸಿದವರು, ಕೀಬೋರ್ಡಿಗೂ ಹಾಗೆಯೇ ಬಡಿಸಿದರು! ಗಣಪತಿ ಹಬ್ಬಕ್ಕೆ ಹೋದಾಗ ರಟ್ಟಿನ ಮೇಲೆ ಬರೆದ ಕೀಬೋರ್ಡ್ ಹಾಸಿ, ತಮ್ಮ ಅಕ್ಕನಿಗೆ, ಅಂದರೆ ನಮ್ಮ ಅತ್ಯಾಗೆ, ಒಂದೊಂದೇ ಕೀಲಿಯ ಪರಿಚಯ ಮಾಡಿಸಿದರು. (ಅದು ಗಣಪತಿಯಲ್ಲ, ನಾಗರಪಂಚಮಿ ಎನ್ನುತ್ತಾನೆ ನನ್ನ ತಮ್ಮ. ಬೇಕಾದರೆ ಅವನೂ ಒಂದು ಪ್ರಬಂಧ ಬರೆದುಕೊಳ್ಳಲಿ.)

ಅತ್ಯಾ ಎಲ್ಲ ಕೇಳಿ ಅಂದಳು: "ಪಾಡ್ಯಾ ಬಂತಲ್ಲೋ. ಬಿಲ್ಲು ಮಾಡಾಕ ಬಂತೇನು?"

"ಇನ್ನ ಮ್ಯಾಲಿನ ಎಫ್ ಕೀಲಿಗಳ ಲೈನ್ ಮುಗದಿಲ್ಲಕ್ಕಾ."

"ಕಡೀ ಎಲಿಯಿಂದ ನೀಡಬೇಕು, ಖರೆ. ಮೊದಲನೇ ಎಲಿಯವರು ಉಪಾಸ ಎದ್ದು ಹೋಗೂ ಹಂಗ ನೀಡತಾರೇನೋ ಹುಚ್ಚಪ್ಪಾ? ಕೆಲಸಾ ಹೋಗತೈತಿ!"

ಕಾಕಾ ರಟ್ಟು ಮಡಚಿದರು. ಆ ರಾತ್ರಿ ಊಟಕ್ಕೆ ಅವರು ಸರಿಯಾಗಿ ಕೂಡಲಿಲ್ಲ.

ಆಮೇಲೆ ಆಯುಧಪೂಜೆಯ ಖಂಡೇ ನವಮಿ ಬಂತು. ಗೋದಾಮಿನ ತಕ್ಕಡಿ, ಲಾರಿ, ಹೊಲಿಗೆ ಯಂತ್ರಗಳಿಗೆಲ್ಲ ಪೂಜೆ. ಕಂಪ್ಯೂಟರಿನ ಪೂಜೆ ಕಾಕಾನ ಪಾಲಿಗೆ. ಅವರು ತೆಂಗಿನಕಾಯಿ ನೀರಿನಲ್ಲಿ ಕುಂಕುಮ ಕಲಸಿ, ಯಾರೂ ಮುಟ್ಟದ ಕೀಲಿಗಳಿಗಷ್ಟೇ ಬೊಟ್ಟಿಟ್ಟರು. ಕೇಳಿದರೆ, "ಉಳದವರನ್ನ ವರ್ಷಪೂರ್ತಿ ಎಲ್ಲಾರೂ ಮುಟ್ಟತಾರ. ಇವಕ್ಕ ಇದೊಂದ ದಿನ." ಕೈ ಧಾರಾಳ. ಸ್ಕ್ರೋಲ್ ಲಾಕಿಗೆ ಇನ್ನೂ ಧಾರಾಳ.

ದಸರೆಯ ರಜೆಯಲ್ಲಿ ಆ ಸಿಹಿನೀರು ಒಳಗಿಳಿದು ಅಂಟಾಗಿ ಗಟ್ಟಿಯಾಯಿತು. ಮರುದಿನ ಶುರುಮಾಡಿದರೆ ಕಂಪ್ಯೂಟರ್ ಕೀಂ ಕೀಂ ಎಂದು ಒಂದೇ ಸಮನೆ ಅಳತೊಡಗಿತು. ಯಾರೋ ಕೀಲಿಯೊಂದನ್ನು ಒತ್ತಿ ಹಿಡಿದಿದ್ದಾರೆ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ದೂರು! ಶೇಠ್‌ಜಿ ಓಡಿ ಬಂದರು. ಕೀಲಿಗಳ ಮೇಲಿನ ಕುಂಕುಮ ನೋಡಿದರು, ಕಾಕಾನನ್ನು ನೋಡಿದರು. "ಆತಾ ಬಸ್ಸ!" ಎಂದರು. ಸಾಕಾಯಿತು ಎಂದು ಮರಾಠಿಯಲ್ಲಿ ಅದಕ್ಕಿಂತ ಚಿಕ್ಕದಾಗಿ ಹೇಳಲು ಬರುವುದಿಲ್ಲ.

ಕ್ಲಾಸಿಗೆ ಫೋನು ಹೋಯಿತು. ಮ್ಯಾಡಮ್ ಬಂದಳು, ಒದ್ದೆ ಅರಿವೆಯಿಂದ ಕೀಲಿಗಳನ್ನು ಒರೆಸಿದಳು, ಸರಿಯಾಯಿತೇ ಎಂದು ನೋಡಲು ಒಂದು ಬಿಲ್ಲು ಹೊಡೆದಳು. ಶೇಠ್‌ಜಿ ಆ ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿದರು. ಪಾಡ್ಯದಿಂದ ಆ ಕುರ್ಚಿ ಅವಳದಾಯಿತು. ಕಾಕಾನಿಗೆ ಗೇಟಿನ ಪಕ್ಕ ಬೇರೆ ಕುರ್ಚಿ. ಕೆಲಸ? ಲಾರಿ ಬಂದರೆ ಏಳುವುದು, ಹೋದರೆ ಕೂಡುವುದು. "ಬಿಡೋ, ಹವಾ ಚಲೋ ಬರತೈತಿ" ಎನ್ನುತ್ತಿದ್ದರು.

ಮುಂದಿನ ವರ್ಷದ ಖಂಡೇ ನವಮಿಗೆ ಕಾಕಾನನ್ನು ಕರೆತರಲು ಗೋದಾಮಿಗೆ ಹೋಗಿದ್ದೆ. ಮ್ಯಾಡಮ್ ಗೇಟಿನವರೆಗೆ ನಡೆದು ಬಂದಳು. "ಕಾಕಾ, ಒಳಗ ಬರ್ರಿ. ಪೂಜಾ ನೀವ ಮಾಡಬೇಕು."

"ಬ್ಯಾಡವಾ. ಹೋದ ವರ್ಷದ್ದು ಸಾಲದೇನು?"

"ಬರ್ರಿ ಅಂದ್ರ ಬರ್ರಿ."

ಚಪ್ಪಲಿ ಬಿಟ್ಟು ಒಳಗೆ ಹೋದೆವು. ಕೀಲಿಗಳ ಮೇಲಿನ ಅಕ್ಷರಗಳು ಸವೆದಿದ್ದವು. ಮೂಲೆಯಲ್ಲಿ ಆ ಪುಟ್ಟ ದೀಪ ಉರಿಯುತ್ತಿತ್ತು. ಕಾಕಾ ಕೂಡಲೇ ಹಿಡಿದರು: "ಇದನ್ನ ಯಾಕ ಹಚ್ಚೀದಿ? ಉಪಯೋಗ ಇಲ್ಲ ಅಂದಿದ್ದಿಯಲ್ಲ?"

"ಈಗ ಐತ್ರಿ," ಎಂದಳು ಅವಳು. "ಮುಂಜಾನೆ ನೀವು ಗೇಟಿಗೆ ಬಂದಿದ್ದು ಕಿಟಕ್ಯಾಗ ಕಂಡ ಕೂಡಲೆ ಒತ್ತತೀನಿ. ಸಂಜಿಗೆ ನೀವು ಹೋದಮ್ಯಾಲ ಆರಸತೀನಿ. ದಿವಾ ಹತ್ತಿತ್ತಂದ್ರ ಕಾಕಾ ಅದಾರ ಅಂತ."

ನೆನಪು ಇಷ್ಟು ಚಂದವಾಗಿ ಬಂದು ನಿಂತಾಗ ನಾನು ಅದನ್ನು ಅನುಮಾನದಿಂದಲೇ ನೋಡುತ್ತೇನೆ. ದೀಪ ಹಸಿರಿತ್ತೋ ಕೆಂಪಿತ್ತೋ, ಇಂದಿಗೂ ಆಣೆ ಮಾಡಲಾರೆ. ಉರಿಯುತ್ತಿತ್ತು, ಅದು ಖರೆ.

ಕಾಕಾ ಬಗ್ಗಿ ಆ ದೀಪವನ್ನು ನೋಡಿದರು. "ನಾ ಊಟಕ್ಕ ಹೋದಾಗ ಆರಸತೀಯೇನು?" ಎಂದು ಕೇಳಿದರು.

"ಇಲ್ರಿ. ಹಂಗ ಬಿಡತೀನಿ. ಬರತೀರಲ್ಲ."

ಕಾಕಾ ಕುಂಕುಮದ ಬಟ್ಟಲು ಎತ್ತಿಕೊಂಡರು. ಈ ಸಲ ನೀರು ಹಾಕಲಿಲ್ಲ.