ನನ್ನ ತುಕ್ಕುನಿವಾರಕ ಲೇಪ

ಕಬ್ಬಿಣ ಗಟ್ಟಿ ವಸ್ತು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಹಳೆಯ ಪಿಕಪ್ ಗಾಡಿಯೊಂದನ್ನು ಮನೆಗೆ ತರುವವರೆಗೂ ಅದನ್ನು ಬದಲಾಯಿಸಿಕೊಳ್ಳುವ ಪ್ರಸಂಗ ಬಂದಿರಲಿಲ್ಲ.

ಆಗ ನಾವು ಕ್ಯಾಸಂಬಳ್ಳಿಯ ಪಕ್ಕದಲ್ಲಿ ಬದನೆ, ಹುರುಳಿಕಾಯಿ, ಮೆಣಸಿನಕಾಯಿ ಬೆಳೆಯುತ್ತಿದ್ದೆವು. ಅವನ್ನು ಎತ್ತಿನ ಗಾಡಿಗೆ ಹೇರಿಕೊಂಡು ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿಗೆ ಹೊಡೆಯುವುದು ನನ್ನ ಕೆಲಸ. ಅಲ್ಲಿ ಬಂಗಲೆಯೊಂದಕ್ಕೆ ತಪ್ಪದೆ ತರಕಾರಿ ಹಾಕುವ ವರ್ತನೆ ಇತ್ತು. ಗಣಿಯ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ತಮ್ಮ ದೇಶಕ್ಕೆ ಹೊರಡುತ್ತಿದ್ದ ಕಾಲವದು. ಆ ಬಂಗಲೆಯ ದೊರೆಯೂ ಹೊರಟ. ಹಿತ್ತಲ ಬೇಲಿಯ ಬಳಿ ಅವನ ಪಿಕಪ್ ನಿಂತಿತ್ತು. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ತೊಟ್ಟಿಯೊಳಗೆ ಕೋಳಿಗಳು ಸಂಸಾರ ಹೂಡಿದ್ದವು.

"ಬೇಕಾದರೆ ತೆಗೆದುಕೊಂಡು ಹೋಗು" ಎಂದ ದೊರೆ, ಅರ್ಧ ಕನ್ನಡ ಅರ್ಧ ಕೈಸನ್ನೆಯಲ್ಲಿ.

ಬೇಕು ಎಂದೆ. ಅವನು ನನ್ನ ಎರಡೂ ಕೈ ಹಿಡಿದು ಕುಲುಕಿದ. ಒಬ್ಬ ಮನುಷ್ಯ ಅಷ್ಟೊಂದು ಸಂತೋಷದಿಂದ ತನ್ನ ಸ್ವತ್ತು ಬಿಟ್ಟುಕೊಡುವುದನ್ನು ಕಂಡಾಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ!

ಮೋಟಾರು ಗಾಡಿಯನ್ನು ನಮ್ಮ ಎತ್ತುಗಳೇ ಎಳೆದು ತಂದವು. ನನ್ನ ಹೆಂಡತಿ ರತ್ನಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಚಕ್ರದ ಮೇಲಿನ ರೆಕ್ಕೆಯನ್ನು ಬೆರಳಿನಿಂದ ಮುಟ್ಟಿದಳು. ಬೆರಳು ಒಳಗೆ ಹೋಯಿತು.

"ಇದೇನ್ರೀ ಅಪ್ಪಳಾನಾ?" ಎಂದಳು.

"ವಸಿ ತುಕ್ಕು ಐತೆ, ಅಷ್ಟೇ" ಎಂದೆ.

ನನ್ನ ಸ್ನೇಹಿತ ಆರ್ಮುಗಂ ಗಣಿಯಲ್ಲಿ ಕೆಲಸಕ್ಕಿದ್ದವನು. ಜನರನ್ನು ಭೂಮಿಯೊಳಗೆ ಇಳಿಸಿ ಹತ್ತಿಸುವ ದೊಡ್ಡ ಯಂತ್ರದ ಹತ್ತಿರವೇ ಅವನ ದಿನಚರಿ. ಆದ್ದರಿಂದ ಜಗತ್ತಿನ ಎಲ್ಲಾ ಯಂತ್ರಗಳೂ ತನ್ನ ನೆಂಟರೆಂದು ಅವನು ತಿಳಿದಿದ್ದ. ರಜಾ ದಿನಗಳಲ್ಲಿ ಬಂದು ಇಂಜಿನ್ನಿನ ಹೊಟ್ಟೆ ಬಗೆದು, ತೊಳೆದು, ಮತ್ತೆ ಮುಚ್ಚಿದ. ಒಂದು ಭಾನುವಾರ ಗಾಡಿ ಕೆಮ್ಮಿತು, ಸೀನಿತು, ಗುಡುಗಿತು! ಊರ ನಾಯಿಗಳೆಲ್ಲ ಕೆರೆಯ ಕಡೆಗೆ ಓಡಿದವು. ಕೊಯ್ದ ರಾಗಿ ಹೊಲದಲ್ಲಿ ನನಗೆ ಗಾಡಿ ಓಡಿಸುವುದನ್ನೂ ಕಲಿಸಿದ.

"ಇಂಜಿನ್ ರಾಜಾ ಮಾದ್ರಿ ಇರುದು ಅಣ್ಣೇ. ಬಾಡಿ ತಾನ್ ಪ್ರಾಬ್ಲಂ" ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ತೀರ್ಪು ಕೊಟ್ಟ.

ಆ ಬಾಡಿಯನ್ನು ನೋಡುತ್ತ ನೋಡುತ್ತ ನನ್ನೊಳಗೆ ಒಂದು ಜಿಜ್ಞಾಸೆ ಹುಟ್ಟಿತು. ತುಕ್ಕು ಎಂದರೇನು? ಎಲ್ಲಿಂದ ಬರುತ್ತದೆ? ನೇಗಿಲ ಗುಳಕ್ಕೆ ಉಳುವಾಗ ಬರದೆ, ಮೂಲೆಯಲ್ಲಿ ಒರಗಿಸಿದಾಗ ಮಾತ್ರ ಯಾಕೆ ಬರುತ್ತದೆ? ಬಾವಿಯ ನೀರಿಗೂ ಬೇತಮಂಗಲದ ಕೆರೆ ನೀರಿಗೂ ಬೇರೆ ಬೇರೆ ತುಕ್ಕು ಬರುತ್ತದೆಯೇ? ಕಂಡವರನ್ನೆಲ್ಲ ಕೇಳಿದೆ. ಒಬ್ಬರು ಗಾಳಿ ಎಂದರು, ಒಬ್ಬರು ನೀರು ಎಂದರು, ಪಕ್ಕದ ಮನೆಯ ಅಜ್ಜಿ ಕಣ್ಣುದೃಷ್ಟಿ ಎಂದಳು. ಇದು ಹೀಗೆ ಬಗೆಹರಿಯುವ ವಿಷಯವಲ್ಲವೆಂದು ಪ್ರಯೋಗಕ್ಕೇ ಇಳಿದೆ. ಅಡಿಗೆಮನೆಯ ಕುಡಿಕೆ, ಲೋಟ, ಭರಣಿಗಳಲ್ಲಿ ನೀರು, ಉಪ್ಪುನೀರು, ಮಜ್ಜಿಗೆ, ಹರಳೆಣ್ಣೆ, ಹೊಂಗೆಎಣ್ಣೆ ತುಂಬಿ ಒಂದೊಂದರಲ್ಲೂ ಒಂದೊಂದು ಮೊಳೆ ಹಾಕಿಟ್ಟೆ. ಬೆಳಿಗ್ಗೆ ಎದ್ದು ದೇವರಿಗಿಂತ ಮೊದಲು ಮೊಳೆಗಳ ಮುಖ ನೋಡುತ್ತಿದ್ದೆ. ಉಪ್ಪಿಗೂ ಎಣ್ಣೆಗೂ ಜಗಳವಾದರೆ ಯಾರು ಗೆಲ್ಲುತ್ತಾರೆ ಎಂಬ ಕುತೂಹಲ ಬಂದು, ಎರಡೂ ಇರುವ ಉಪ್ಪಿನಕಾಯಿ ಜಾಡಿಯೊಳಗೂ ಒಂದು ಮೊಳೆ ಇಳಿಸಿದೆ. ಇದನ್ನು ಮನೆಯವಳಿಗೆ ತಿಳಿಸಬೇಕೆಂದು ಹೊಳೆಯಲಿಲ್ಲ.

ಅದೇ ಸಮಯಕ್ಕೆ ನನ್ನ ಮಾವನವರು ಬೇತಮಂಗಲದಿಂದ ಬಂದರು. ನನ್ನ ನಾದಿನಿ ಶಾರದೆಯ ಮದುವೆ ಗೊತ್ತಾಗಿತ್ತು. ಊಟಕ್ಕೆ ಕೂತರು. ಉಪ್ಪಿನಕಾಯಿ ಬಾಯಿಗಿಟ್ಟರು. 'ಟಕ್' ಎಂದು ಶಬ್ದವಾಯಿತು.

"ಏನಮ್ಮಾ, ಈ ಸಲ ಮಿಡಿ ಬಲ್ತೋಗೈತೆ?" ಎಂದು ಅವರು ಬಾಯಿಂದ ಮೊಳೆಯನ್ನು ಹೊರತೆಗೆದು ಬೆಳಕಿಗೆ ಹಿಡಿದರು.

ರತ್ನಮ್ಮ ನನ್ನನ್ನು ನೋಡಿದಳು. ನಾನು ಮೊಳೆಯನ್ನು ನೋಡಿದೆ. ತುಕ್ಕು ಹಿಡಿದಿರಲಿಲ್ಲ! ಸಂತೋಷ ತಡೆಯಲಾರದೆ, "ಎಣ್ಣೆ ಗೆದ್ದೈತೆ ಮಾವಾ!" ಎಂದುಬಿಟ್ಟೆ.

ಮಾವನವರ ಒಂದು ಹಲ್ಲು ಅಲುಗಾಡುತ್ತಿತ್ತು. ಅವರ ಮುಖ ಅದಕ್ಕಿಂತ ಹೆಚ್ಚು ಅಲುಗಾಡುತ್ತಿತ್ತು. ಅವರನ್ನು ಸಮಾಧಾನಪಡಿಸಲು ಏನಾದರೂ ದೊಡ್ಡ ಮಾತು ಆಡಲೇಬೇಕಾಗಿತ್ತು. ಆಡಿದೆ.

"ಮಾವಾ, ಮದುಮಗನ್ನ ಬಂಗಾರಪೇಟೆ ಟೇಸನ್ನಿಂದ ನಿಮ್ಮನೆ ಚಪ್ಪರಕ್ಕೆ ನನ್ ಮೋಟಾರಲ್ಲೇ ಕರ್ಕೊಂಬತ್ತೀನಿ."

ಮಾವನವರ ಮುಖ ಅರಳಿತು. ಅಳಿಯನನ್ನು ಅವರು ತೆಲುಗಿನಲ್ಲೇ 'ಅಲ್ಲುಡು' ಎನ್ನುತ್ತಿದ್ದರು. "ನಿಜಾನಾ ಅಲ್ಲುಡೂ? ಹಂಗಾದ್ರೆ ಬಾಡಿಗೆ ಕಾರು ಬ್ಯಾಡ ಅಂದ್ಬುಡ್ತೀನಿ" ಎಂದು ಹಲ್ಲು ಒತ್ತಿ ಹಿಡಿದುಕೊಂಡೇ ಹೊರಟರು.

ಈಗ ಗಾಡಿ ಮದುಮಗನಿಗೆ ಯೋಗ್ಯವಾಗಬೇಕಾಗಿತ್ತು. ಹಿತ್ತಾಳೆ ಪಾತ್ರೆಗೆ ಹುಣಿಸೆಹಣ್ಣು ಹಚ್ಚಿದರೆ ಥಳಥಳಿಸುವುದನ್ನು ಕಂಡಿದ್ದೆ. ಹಂಡೆ ತುಂಬ ಹುಣಿಸೆಹಣ್ಣು ಕಿವುಚಿ, ಮರಳು ಬೆರೆಸಿ, ತೆಂಗಿನ ನಾರಿನಿಂದ ಉಜ್ಜತೊಡಗಿದೆ. ಎಂಥ ಅದ್ಭುತ! ತುಕ್ಕು ಕೆಂಪು ಮಣ್ಣಾಗಿ ಉದುರಿತು. ಇನ್ನಷ್ಟು ಉಜ್ಜಿದೆ. ಇನ್ನಷ್ಟು ಉದುರಿತು. ಒಳಗೆ ಬೆಳ್ಳಗಿನ ಕಬ್ಬಿಣ ಸಿಗುತ್ತದೆಂದು ಕಾಯುತ್ತಿದ್ದವನಿಗೆ ಸ್ವಲ್ಪ ಹೊತ್ತಿಗೆ ನಮ್ಮ ಅಂಗಳದ ಸಗಣಿ ಸಾರಿಸಿದ ನೆಲ ಕಾಣಿಸಿತು. ಸೀಟಿನ ಕೆಳಗಿನ ತಳವೇ ಹೊರಟುಹೋಗಿತ್ತು. ಉಜ್ಜಿದಷ್ಟೂ ಗಾಡಿ ಕಡಿಮೆಯಾಗುತ್ತ ಬಂತು. ತುಕ್ಕು ಗಾಡಿಗೆ ಹಿಡಿದಿರಲಿಲ್ಲ. ತುಕ್ಕೇ ಗಾಡಿಯನ್ನು ಹಿಡಿದುಕೊಂಡಿತ್ತು!

"ಇನ್ನೊಂದ್ ಗಳಿಗೆ ಉಜ್ಜಿದ್ರೆ ಮಡಿಚಿ ಪೆಟ್ಟಿಗೇಲಿ ಇಟ್ಕೋಬೋದು" ಎಂದಳು ರತ್ನಮ್ಮ.

ಉಜ್ಜುವುದನ್ನು ನಿಲ್ಲಿಸಿದೆ. ಸೀಮೆಎಣ್ಣೆ ಡಬ್ಬಗಳನ್ನು ಸೀಳಿ, ಚಪ್ಪಟೆ ಮಾಡಿ ತೂತುಗಳಿಗೆಲ್ಲ ತೇಪೆ ಹಾಕಿದೆ. ತಳಕ್ಕೆ ಹಳೆಯ ಮಂಚದ ಹಲಗೆ ಬಂತು. ಅದರ ಮೇಲೆ ಸೀಟನ್ನು ತೆಂಗಿನ ಹುರಿಯಿಂದ ಬಿಗಿದು ಕಟ್ಟಿದೆ. ಉಳಿದದ್ದು ಒಂದೇ ಕೆಲಸ: ಅಳಿದುಳಿದ ಕಬ್ಬಿಣಕ್ಕೆ ಮತ್ತೆ ತುಕ್ಕು ಬರದಂತೆ ಕಾಪಾಡುವುದು.

ಆರ್ಮುಗಂ ಕಪ್ಪು ಗ್ರೀಸಿನ ಒಂದು ಡಬ್ಬ ಹೊತ್ತು ತಂದ. "ಗಣಿಯಲ್ಲಿ ಕಬ್ಬಿಣ ರೋಪುಕ್ಕು ಇದೇ ಹಚ್ಚುದು. ಎಷ್ಟ್ ನೀರ್ ಬಿದ್ರೂ ಒಂದುಂ ಆಗಲ್ಲ."

ಅಲ್ಲಿಗೇ ನಿಲ್ಲಬಹುದಾಗಿತ್ತು. ಆದರೆ ಪ್ರಯೋಗಶೀಲನಾದ ಮನುಷ್ಯ ಬೇರೊಬ್ಬರ ಔಷಧವನ್ನು ಹಾಗೆಯೇ ಬಳಸುವುದುಂಟೇ? ಅದಕ್ಕೆ ಹೊಂಗೆಎಣ್ಣೆ ಸೇರಿಸಿದೆ. ಹೊಳಪಿಗೆಂದು ಹರಳೆಣ್ಣೆ. ಬಿಗಿಗೆಂದು ಮರದ ರಾಳ. ಹಿಂದಿನವರು ಕೋಟೆ ಕಟ್ಟುವಾಗ ಗಾರೆಗೆ ಬೆಲ್ಲ ಹಾಕುತ್ತಿದ್ದರೆಂದು ಎಲ್ಲೋ ಕೇಳಿದ್ದೆ. ಕೋಟೆಗೆ ಒಗ್ಗಿದ್ದು ಪಿಕಪ್ಪಿಗೆ ಒಗ್ಗದೆ ಇರುತ್ತದೆಯೇ? ಬೆಲ್ಲವನ್ನೂ ಹಾಕಿದೆ! ಹಂಡೆಯಲ್ಲಿ ಕುದಿಸಿ, ಬಾಗಿಲು, ಚಕ್ರದ ರೆಕ್ಕೆ, ತೊಟ್ಟಿ, ಸೀಟಿನ ಸ್ಪ್ರಿಂಗು, ಒಳಗೂ ಹೊರಗೂ ಬಿಡದೆ ಬಳಿದೆ. ಮೇಲೆ ನೀರು ಸುರಿದೆವು. ಕೆಸುವಿನ ಎಲೆಯ ಮೇಲಿನಂತೆ ಹನಿ ಹನಿಯಾಗಿ ಜಾರಿತು. ನಾನೂ ಆರ್ಮುಗಮ್ಮೂ ಒಬ್ಬರನ್ನೊಬ್ಬರು ಅಪ್ಪಿಕೊಂಡೆವು. ಬಿಡಿಸಿಕೊಳ್ಳಲು ಸ್ವಲ್ಪ ಕಷ್ಟವಾಯಿತು. ಅದನ್ನು ಸ್ನೇಹವೆಂದೇ ಭಾವಿಸಿದೆವು.

"ಒಣಗ್ತದಾ ಇದು?" ಎಂದು ಕೇಳಿದಳು ರತ್ನಮ್ಮ.

"ನಾಳೆಕ್ಕು ಕಲ್ಲ್ ಮಾದ್ರಿ ಆಗಿರುಂ ಅಕ್ಕಾ" ಎಂದ ಆರ್ಮುಗಂ.

ನಾಳೆಯೂ ಆಗಲಿಲ್ಲ, ಅದರ ನಾಳೆಯೂ ಆಗಲಿಲ್ಲ. ನೊಣಗಳು ಬಂದು ಕೂತವು. ಹಿಂತಿರುಗಲಿಲ್ಲ. ಮದುವೆಯ ದಿನ ಬಂದೇಬಿಟ್ಟಿತು.

ರತ್ನಮ್ಮ ಮೊದಲೇ ತವರಿಗೆ ಹೋಗಿದ್ದಳು. ಆರ್ಮುಗಮ್ಮಿಗೆ ಅಂದು ಗಣಿಯಲ್ಲಿ ಪಾಳಿ. ನಾನು ಮಾವ ಕೊಟ್ಟಿದ್ದ ರೇಷ್ಮೆ ಅಂಚಿನ ಪಂಚೆ ಉಟ್ಟು, ಸೀಟಿನ ಮೇಲೆ ದಪ್ಪನೆಯ ಗೋಣಿ ಹಾಸಿ, ನನ್ನ ಕಡೆಗೆ ಮಾತ್ರ ಮುನ್ನೆಚ್ಚರಿಕೆಯಾಗಿ ಒಂದು ಹಲಗೆಯನ್ನೂ ಇಟ್ಟುಕೊಂಡು ಹೊರಟೆ. ಗಣಿಯೂರು ದಾಟುವಾಗ ಗಾಳಿ ಎದ್ದಿತು. ಅಲ್ಲಿ ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದು ಬೆಳೆದ ಸೈನೈಡ್ ದಿಬ್ಬಗಳ ಬೂದುಮಣ್ಣು ಗಾಳಿಗೆ ಹೇಗೆ ಹಾರುತ್ತದೆಂಬುದು ಆ ಕಡೆಯವರಿಗೆಲ್ಲ ಗೊತ್ತು. ಆವತ್ತು ಹಾರಿದ್ದೆಲ್ಲ ನನ್ನ ಗಾಡಿಗೇ ಬಂದು ಸೇರಿತು. ಕರಿ ಗಾಡಿ ಬೂದಿ ಗಾಡಿಯಾಯಿತು. ರಸ್ತೆಯ ಹುಲ್ಲುಕಡ್ಡಿ, ತರಗೆಲೆ, ಯಾವುದೋ ಕೋಳಿಯ ಪುಕ್ಕ ಎಲ್ಲ ಮೈಗೂಡಿ, ಬಂಗಾರಪೇಟೆ ಸ್ಟೇಷನ್ ತಲುಪುವಷ್ಟರಲ್ಲಿ ಅದಕ್ಕೆ ಕೂದಲು ಬೆಳೆದಂತಿತ್ತು. ಜಟಕಾ ಕುದುರೆಯೊಂದು ಅದನ್ನು ನೋಡಿ ಹಿಂದುಹಿಂದಕ್ಕೆ ನಡೆಯಿತು.

ಮದುಮಗ ಶ್ರೀನಿವಾಸ ತಿರುಪತ್ತೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಮಲ್ಲಿಗೆಯಂಥ ಬಿಳಿ ಪಂಚೆ, ಬಿಳಿ ಅಂಗಿ, ಮೆಲುಮಾತು. ಗಾಡಿಯನ್ನು ನೋಡಿ ಒಂದು ಕ್ಷಣ ನಿಂತ.

"ಮೇಲೆ ಹೊದೆಸಿರೋದು ಕಂಬಳೀನಾ ಭಾವಾ?" ಎಂದು ಕೇಳಿದ.

"ಅಂಗೇ ಅಂತಿಟ್ಕೊಳ್ಳಿ. ಬನ್ನಿ, ಮುಹೂರ್ತ ಮೀರ್ತದೆ" ಎಂದು ಕೂರಿಸಿಕೊಂಡೆ. ಉಳಿದ ನೆಂಟರು ಗಾಡಿಯನ್ನು ಒಮ್ಮೆ ನೋಡಿ, ತಮಗೆ ಬಸ್ಸೇ ಒಗ್ಗುತ್ತದೆಂದು ಏಕಕಂಠದಿಂದ ಹೇಳಿದರು.

ಬಿಸಿಲು ಏರಿತು. ಇಂಜಿನ್ನಿನ ಕಾವೂ ಏರಿತು. ಸೀಟಿನ ಸ್ಪ್ರಿಂಗಿನ ಲೇಪ ಕರಗಿ ಗೋಣಿಯೊಳಗಿಂದ ಮೇಲಕ್ಕೆ ಬರುತ್ತಿತ್ತೆಂದು ನನಗೆ ತಿಳಿಯಲಿಲ್ಲ. ಶ್ರೀನಿವಾಸನಿಗೆ ತಿಳಿಯಿತು. ಆದರೆ ಮದುವೆಯ ದಿನ ಷಡ್ಡಕನಿಗೆ ಹೇಗೆ ಹೇಳುವುದೆಂದು ಆ ಸಂಕೋಚದ ಮನುಷ್ಯ ಬಾಯಿ ಮುಚ್ಚಿಕೊಂಡು ಕೂತಿದ್ದ.

ಬೇತಮಂಗಲ ಬಂತು. ಚಪ್ಪರದ ಮುಂದೆ ಗಾಡಿ ನಿಂತಿತು. ಓಲಗ ಮೊಳಗಿತು. ಅತ್ತೆ ಆರತಿ ತಟ್ಟೆ ಹಿಡಿದು ನಿಂತರು. ಮದುಮಗ ಇಳಿಯಲಿಲ್ಲ.

"ಇಳೀರಪ್ಪಾ" ಎಂದರು ಮಾವ.

"ಇಳೀತೀನಿ" ಎಂದ ಶ್ರೀನಿವಾಸ. ಕೂತೇ ಇದ್ದ.

ವರೋಪಚಾರಕ್ಕೇನೋ ಬಾಕಿಯಿದೆಯೆಂದು ಮಾವನ ಮುಖ ಕಪ್ಪಿಟ್ಟಿತು. "ಏನ್ ಬೇಕೋ ಬಾಯಿಬಿಟ್ ಕೇಳ್ಲಿ ಅಲ್ಲುಡೂ, ಕೊಡಾನ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಜನ ಗುಸುಗುಸು ಆರಂಭಿಸಿದರು. ನಾನು ಗಾಡಿಯೊಳಗೆ ಬಗ್ಗಿದೆ.

"ಅಂಟ್ಕೊಂಡಿದೀನಿ ಭಾವಾ" ಎಂದ ಮದುಮಗ, ಬಹಳ ಮೆಲ್ಲಗೆ.

ನಾನು ಒಂದು ಕೈ ಹಿಡಿದೆ, ಮಾವ ಇನ್ನೊಂದು ಹಿಡಿದರು. ಎಳೆದೆವು. ಪಂಚೆ ಹರಿದರೂ ಸರಿ, ಬಿಡಿಸಿಬಿಡೋಣ ಎಂದೆ.

"ಅದು ಹರಿಯಲ್ಲ. ನಾನೇ ಆರಿಸಿದ್ದು. ಒಳ್ಳೇ ನೂಲು" ಎಂದ ಶ್ರೀನಿವಾಸ. ಆ ಸ್ಥಿತಿಯಲ್ಲೂ ಅವನ ದನಿಯಲ್ಲಿ ಹೆಮ್ಮೆಯಿತ್ತು.

ಒಳಗಿನಿಂದ ಪುರೋಹಿತರು ಕೂಗಿದರು. ಮುಹೂರ್ತ ಸಮೀಪಿಸಿತ್ತು. ಇನ್ನೊಮ್ಮೆ ಬಲವಾಗಿ ಎಳೆದೆವು. ತೆಂಗಿನ ಹುರಿ ಪಟಪಟನೆ ಹರಿಯಿತು. ಮದುಮಗ ಹೊರಗೆ ಬಂದ. ಸೀಟೂ ಬಂತು!

ಬಿಡಿಸುತ್ತ ಕೂರಲು ಸಮಯವಿರಲಿಲ್ಲ. ಗಟ್ಟಿಗರು ಮುಂದೆ ಬಂದು ಸೀಟಿನ ನಾಲ್ಕು ಮೂಲೆಗೆ ಹೆಗಲು ಕೊಟ್ಟರು. ಶ್ರೀನಿವಾಸ ಪಿಕಪ್ಪಿನ ಸೀಟಿನ ಮೇಲೆ ಕೂತು, ಎರಡೂ ಕಡೆಯ ಜನರಿಗೆ ಕೈಮುಗಿಯುತ್ತ, ಓಲಗದ ಹಿಂದೆ ಚಪ್ಪರ ಪ್ರವೇಶ ಮಾಡಿದ. ಅಷ್ಟರಲ್ಲಿ ಬಸ್ಸಿನಲ್ಲಿ ಬಂದು ಸೇರಿದ್ದ ವರನ ಕಡೆಯವರು ಇದು ಕೋಲಾರದ ಕಡೆಯ ಸಂಪ್ರದಾಯವೆಂದು ತಿಳಿದರು. ನಮ್ಮ ಕಡೆಯವರು ಇದು ತಿರುಪತ್ತೂರಿನ ಸಂಪ್ರದಾಯವೆಂದು ತಿಳಿದರು. ಯಾರೂ ಯಾರನ್ನೂ ಕೇಳಲಿಲ್ಲ. ಮರ್ಯಾದೆ ಉಳಿಯಿತು!

ಒಳಗೆ ಜಮಖಾನೆ ಮರೆ ಹಿಡಿದು ಅವನಿಗೆ ಪಂಚೆ ಬದಲಾಯಿಸಬೇಕಾಯಿತು. ತಕ್ಷಣಕ್ಕೆ ಸಿಕ್ಕ ಹೊಸ ಪಂಚೆ ಯಾವುದು? ನಾನು ಉಟ್ಟಿದ್ದು. ಅದನ್ನು ಬಿಚ್ಚಿಕೊಟ್ಟು, ತರಕಾರಿ ಗೋಣಿಯೊಂದನ್ನು ಸೊಂಟಕ್ಕೆ ಸುತ್ತಿಕೊಂಡು, ಜನರ ಕಣ್ಣಿಗೆ ಬೀಳದಂತೆ ಚಪ್ಪರದ ಹಿಂದಿನ ಹುಲ್ಲಿನ ಮೆದೆಯ ಮರೆಯಲ್ಲಿ ಕೂತೆ. ಗಟ್ಟಿಮೇಳ ಅಲ್ಲಿಂದಲೇ ಕೇಳಿದೆ.

ರತ್ನಮ್ಮ ಎಲೆಯಲ್ಲಿ ಊಟ ತಂದಳು. ಬೈಗುಳಕ್ಕೆ ಸಿದ್ಧನಾದೆ. ಅವಳು ಎಲೆ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು.

"ಶಾರದೆ ಬೆಳಿಗ್ಗೆಯಿಂದ ಒಂದೇ ಸಮ್ನೆ ಅಳ್ತಿದ್ಲು, ತವರು ಬಿಟ್ಟೋಗ್ಬೇಕು ಅಂತ. ಗಂಡು ಸೀಟ್ ಮ್ಯಾಲೆ ಕುಂತು ಬಂದಿದ್ ನೋಡಿ ನಗೋಕ್ ಶುರು ಮಾಡಿದೋಳು, ತಾಳಿ ಕಟ್ಟೋವಾಗ್ಲೂ ನಿಲ್ಲಿಸ್ನಿಲ್ಲ. ಅವ್ರೂ ನಗ್ತಾವ್ರೆ. ಉಣ್ಣಿ ಈಗ."

ಉಂಡೆ. ಪಾಯಸ ಚೆನ್ನಾಗಿತ್ತು.

ಹಿಂತಿರುಗುವಾಗ ಸೀಟಿನ ಬದಲು ಬಾಳೆಕಾಯಿ ಬುಟ್ಟಿ ಬೋರಲು ಹಾಕಿಕೊಂಡು ಗಾಡಿ ಓಡಿಸಿದೆ. ಮನೆ ಮುಟ್ಟಿದ ಮೇಲೆ, ಗಾಡಿಯನ್ನು ಮಾರಿಬಿಡುವಂತೆ ರತ್ನಮ್ಮ ಅಪ್ಪಣೆ ಮಾಡಿದಳು. ಬಂಗಾರಪೇಟೆಯಿಂದ ಹಳೇ ಕಬ್ಬಿಣದ ವ್ಯಾಪಾರಿಯೊಬ್ಬ ಆಯಸ್ಕಾಂತ ಹಿಡಿದು ಬಂದ. ಬಹಳ ಹುಷಾರಿನ ಮನುಷ್ಯ. "ಬಾಯ್ಮಾತು ಬ್ಯಾಡ. ಇದು ಅಂಟಿದ್ಕಡೆ ಕಬ್ಬಿಣ, ಅಂಟದಿದ್ಕಡೆ ಸುಳ್ಳು" ಎಂದ.

ಬಾಗಿಲಿಗೆ ಇಟ್ಟ. ಟಪ್ಪೆಂದು ಅಂಟಿತು. ತೊಟ್ಟಿಗೆ ಇಟ್ಟ, ಅಂಟಿತು. ಅವನ ಮುಖ ಅರಳಿತು. ಮಂಚದ ಹಲಗೆಗೆ ಇಟ್ಟ, ಅಂಟಿತು. ಕಿಟಕಿಯ ಗಾಜಿಗೂ ಅಂಟಿತು! ವ್ಯಾಪಾರಿಗೆ ಅನುಮಾನ ಬಂತು. ಹತ್ತಿರ ಬಗ್ಗಿ ನೋಡಲೆಂದು ಗಾಡಿಗೆ ಮೊಣಕೈ ಊರಿದ.

"ಊರಬ್ಯಾಡ..." ಎಂದು ನಾನು ಕೂಗುವಷ್ಟರಲ್ಲಿ ತಡವಾಗಿತ್ತು.

ಸೀಮೆಎಣ್ಣೆ ತಂದು, ಕತ್ತರಿ ತಂದು, ಅವನನ್ನು ಬಿಡಿಸಿ ಕಳಿಸಿದೆವು. ಗಾಡಿಯ ಸುದ್ದಿಯನ್ನೇ ಅವನು ಮತ್ತೆ ಎತ್ತಲಿಲ್ಲ. ಇಷ್ಟೆಲ್ಲ ಶ್ರಮ, ಸಂಶೋಧನೆ, ಪ್ರಯಾಣಗಳ ಕೊನೆಗೆ ಆ ಪಿಕಪ್ಪಿನಿಂದ ನನಗೆ ದಕ್ಕಿದ್ದು ಒಂದು ಅಂಗಿಯ ತೋಳು.

ಅದೂ ಎಡಗೈಯದು. ಅದನ್ನೂ ಬಿಡಿಸಿಕೊಳ್ಳಲಾಗಲಿಲ್ಲ!