‘ನೀವೂ ಬರ್ರಿ’ ಎಂದು ಕೆಟ್ಟೆ

ನಮ್ಮ ಕಡೆ ಒಂದು ಪದ್ಧತಿ ಇದೆ. ಊಟಕ್ಕೆ ಕೂತಾಗ ಯಾರಾದರೂ ಬಾಗಿಲಲ್ಲಿ ಕಂಡರೆ “ಬರ್ರಿ, ಊಟಾ ಮಾಡೂಣು” ಅನ್ನಬೇಕು. ಬಂದವರು “ಈಗರೆ ಮುಗಿಸಿ ಬಂದೇನ್ರಿ, ನೀವು ಮಾಡ್ರಿ” ಅನ್ನಬೇಕು. ಬಂದವರ ಹೊಟ್ಟೆ ತಾಳ ಹಾಕುತ್ತಿರಬಹುದು, ಕರೆದವನ ಬುಟ್ಟಿಯಲ್ಲಿ ಉಳಿದದ್ದು ಒಂದೇ ರೊಟ್ಟಿ ಇರಬಹುದು. ಅದು ಬೇರೆ ಮಾತು. ಕರೆಯುವವನು ಕರೆಯಬೇಕು, ಕರೆಸಿಕೊಂಡವನು ಒಲ್ಲೆ ಅನ್ನಬೇಕು. ಈ ಒಂದು ಒಪ್ಪಂದದ ಮೇಲೆಯೇ ನಮ್ಮ ಸಮಾಜ ನಿಂತಿದೆ ಎಂದು ನಾನು ಮೊನ್ನೆಯ ಮೇ ತಿಂಗಳವರೆಗೂ ನಂಬಿಕೊಂಡಿದ್ದೆ. ಈಗ ಆ ನಂಬಿಕೆ ಉಳಿದಿಲ್ಲ.

ಗಜೇಂದ್ರಗಡದಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಬಿತ್ತನೆ ಶುರುವಾದರೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಅದಕ್ಕೆ ಮುಂಚೆ ಕೆಲವು ವಾರ ಮಾತ್ರ ನೊಣ ಹೊಡೆಯುವ ಕೆಲಸ. ಆ ಬಿಡುವಿನಲ್ಲಿ ಈ ಸಲ ಚಿಕ್ಕಮಗಳೂರಿನ ಬೆಟ್ಟಕ್ಕೆ ಹೋಗುವುದೆಂದು ತೀರ್ಮಾನವಾಯಿತು. ತೀರ್ಮಾನ ನನ್ನ ಹೆಂಡತಿ ಸುಮಂಗಲಾಳದು. ಮದುವೆಯಾದಾಗಿನಿಂದ ನಾವು ಊರೂರು ತಿರುಗಿದ್ದೇವೆ ನಿಜ. ಆದರೆ ಹೋದದ್ದೆಲ್ಲ ಬೀಗರ ಮನೆ, ಗೃಹಪ್ರವೇಶ, ಸೀಮಂತ. ಇವಳು ಮುಂಬಾಗಿಲಿಂದ ಹೊಕ್ಕರೆ ನೆಟ್ಟಗೆ ಅಡುಗೆಮನೆಗೆ ಹೋಗಿ ಸೆರಗು ಸಿಕ್ಕಿಸುತ್ತಾಳೆ, ಹೊರಡುವ ಹೊತ್ತಿಗೆ ಹೊರಗೆ ಬರುತ್ತಾಳೆ. “ನನಗ ಬೆಟ್ಟ ಕಂಡ್ರೂ ಅಷ್ಟ, ಬಿಟ್ರೂ ಅಷ್ಟರಿ. ಯಾರರೆ ಮಾಡಿ ಕೈಯಾಗ ಕೊಟ್ಟ ಚಾ ಕುಡಕೋತ ನಾಕ್ ದಿನಾ ಸುಮ್ನ ಕುಂದ್ರಬೇಕು” ಎಂದಳು. ಕಾಲೇಜಿಗೆ ಹೋಗುವ ಮಗಳು ಪೂಜಾ ಮೊಬೈಲಿನಲ್ಲಿ ಹುಡುಕಿ ಒಂದು ಹೋಂಸ್ಟೇ ತೋರಿಸಿದಳು. ಕಿಟಕಿ ತೆರೆದರೆ ಮಂಜು, ಮೂರು ಹೊತ್ತೂ ಅವರದೇ ಊಟ. “ನಾವು ಮೂರ ಮಂದಿ, ನಾಕನೇದವರಿಲ್ಲ” ಎಂದು ನಾನು ಮಾತು ಕೊಟ್ಟೆ.

ಬೆಟ್ಟ ನೋಡಲು ಅಷ್ಟು ದೂರ ಯಾಕೆ ಎಂದು ನೀವು ಕೇಳಬಹುದು. ಊರಿನವರೆಲ್ಲ ಕೇಳಿದರು. ನಮ್ಮೂರ ನೆತ್ತಿಯ ಮೇಲೆಯೇ ಒಂದು ಗುಡ್ಡವಿದೆ, ಅದರ ಮೇಲೆ ಕೋಟೆ ಇದೆ, ಸುತ್ತ ಹಗಲೂ ರಾತ್ರಿ ತಿರುಗುವ ಗಾಳಿಯಂತ್ರಗಳಿವೆ. ಆದರೆ ಮೇ ತಿಂಗಳಲ್ಲಿ ಆ ಗುಡ್ಡದ ಕಲ್ಲಿನ ಮೇಲೆ ರೊಟ್ಟಿ ಹಾಕಿದರೆ ಬೇಯುತ್ತದೆ. ಮಂಜಿನ ಮಾತು ಅಲ್ಲಿ ಆಡುವಂತಿಲ್ಲ.

ಮೊದಲು ವಿಷಯ ಗೊತ್ತಾದದ್ದು ಪಕ್ಕದ ಅಂಗಡಿಯ ಟೇಲರ್ ಮೆಹಬೂಬಸಾಬರಿಗೆ. “ಎಲ್ಲೋ ಹೊಂಟೀರಂತ?” ಎಂದರು. “ಚಿಕ್ಕಮಗಳೂರಿಗ್ರಿ. ನೀವೂ ಬರ್ರಿ” ಎಂದೆ. ಅವರು ಹೊಲಿಗೆಯಿಂದ ಕಣ್ಣೆತ್ತದೆ, “ಆಗ್ಲಿ ಬಿಡ್ರಿ. ನೀವು ಹೋಗಿ ಬರ್ರಿ” ಎಂದರು. ಎಂಥ ಸಂಭಾವಿತ ಮನುಷ್ಯ! ಅವರ ಒಳ್ಳೆಯತನವೇ ನನ್ನನ್ನು ಹಾಳು ಮಾಡಿತು. ಇದೇ ಧೈರ್ಯದ ಮೇಲೆ ನಾನು ಕಂಡಕಂಡವರಿಗೆಲ್ಲ “ನೀವೂ ಬರ್ರಿ” ಅನ್ನತೊಡಗಿದೆ.

ಎದುರುಮನೆಯ ಬಸಪ್ಪ ಮಾಸ್ತರರು ನಿವೃತ್ತರು. ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ಅವರಿಗೂ ಹೇಳಿದೆ. ಅವರು ಒಲ್ಲೆ ಅನ್ನಲಿಲ್ಲ. ಕನ್ನಡಕ ತೆಗೆದರು, ಧೋತರದ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡು, “ಖರೇನ?” ಎಂದರು.

ನಮ್ಮ ಪದ್ಧತಿಯಲ್ಲಿ ಈ ಪ್ರಶ್ನೆಯೇ ಇಲ್ಲ. ಇಲ್ಲದ ಪ್ರಶ್ನೆಗೆ ಏನು ಉತ್ತರ ಹೇಳುವುದು? “ಅಯ್ಯ, ಸುಳ್ಳ ಯಾಕ ಹೇಳ್ಲಿ ಮಾಸ್ತರ” ಎಂದುಬಿಟ್ಟೆ. ಮರುದಿನ ಬೆಳಿಗ್ಗೆ ಅವರ ಹೆಂಡತಿ ಬಂದು ಅಲ್ಲಿ ಸ್ವೆಟರ್ ಬೇಕಾಗುತ್ತದೆಯೇ ಎಂದು ಸುಮಂಗಲಾಳನ್ನು ಕೇಳಿದರು. ಸುಮಂಗಲಾ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆಮೇಲೆ, ಫೋನಿನಲ್ಲಿ ನನ್ನಿಂದ ಅದೇ ಮಾತು ಕೇಳಿದ್ದ ಸೋದರತ್ತೆ ಸೂಡಿಯಿಂದ ಬಂದು ಬಸ್ಸಿಳಿದಳು, ಚೀಲದ ಸಮೇತ. ಹೊರಡಲು ಇನ್ನೂ ವಾರವಿತ್ತು. “ನನಗೇನ್ ಹಾಸಿಗಿ-ಗೀಸಿಗಿ ಬ್ಯಾಡೊ ತಮ್ಮಾ. ಎಲ್ಲೆರೆ ಒಂದ್ ಮೂಲ್ಯಾಗ ಬಿದ್ದಿರ್ತೇನಿ” ಎಂದಳು. ಒಂದು ಮೂಲೆ ಸಾಕು ಅನ್ನುವವರಿಗೆ ಇಡೀ ಮನೆ ಬೇಕಾಗುತ್ತದೆ ಎಂಬುದು ನನ್ನ ಅನುಭವ. ಅತ್ತೆ ಬಂದ ಸುದ್ದಿ ಹೇಗೋ ನರಗುಂದಕ್ಕೆ ಮುಟ್ಟಿ ನನ್ನ ಅಕ್ಕ ಫೋನ್ ಮಾಡಿದಳು. “ಅತ್ತಿಗಿ ಹೇಳಿದಿ, ಒಡಹುಟ್ಟಿದಾಕಿಗಿ ಹೇಳಬೇಕು ಅನಸಲಿಲ್ಲೇನೊ?” ಎಂದು ಅಳತೊಡಗಿದಳು. ಅಳುವವರ ಮುಂದೆ ನನಗೆ ಒಂದೇ ಮಾತು ಬರುತ್ತದೆ. ಆ ಮಾತನ್ನು ಹೇಳಿದೆ. ಅಕ್ಕ, ಅವಳ ಗಂಡ, ಅವರ ಇಬ್ಬರು ಮಕ್ಕಳು ಸೇರಿಕೊಂಡರು.

ಕಾರು ಹೋಗಿ ಕ್ರೂಸರ್ ಆಯಿತು, ಕ್ರೂಸರ್ ಹೋಗಿ ಟೆಂಪೊ ಆಯಿತು. ಎಲ್ಲರೂ ನಮ್ಮ ಪಡಸಾಲೆಯಲ್ಲಿ ಸಭೆ ಸೇರಿದಾಗ ಮಾಸ್ತರರು, “ಆ ಕಡೆ ಮೂರೂ ಹೊತ್ತು ಅಕ್ಕೀನ ಅಂತ. ಜ್ವಾಳದ ರೊಟ್ಟಿ ಇಲ್ಲಂದ್ರ ನನಗ ಉಂಡಂಗ ಆಗಂಗಿಲ್ಲ ನೋಡ್ರಿ” ಎಂದರು. ಎಲ್ಲರಿಗೂ ಉಂಡಂಗ ಆಗುವುದಿಲ್ಲವಂತೆ. ಹೋಂಸ್ಟೇ ಬಿಟ್ಟು, ಅಡುಗೆಮನೆ ಇರುವ ಒಂದು ಇಡೀ ಮನೆಯನ್ನೇ ಹಿಡಿಯುವುದೆಂದಾಯಿತು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಗ್ಯಾಸ್ ಒಲೆ, ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ಜೊತೆಗೆ. ಹಂಚು ಬೆಟ್ಟ ಹತ್ತುವುದನ್ನು ನೆನೆದು ನನಗೆ ಮೈ ಉರಿಯಿತು. “ಸುಮಂಗಲಾ ಇದ್ದಾಳಲ್ಲ, ಏನ್ ಚಿಂತಿ?” ಎಂದಳು ಅಕ್ಕ. ನಾನಾದರೂ ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ: “ದಾರಿಗೆ ಒಂದಿಷ್ಟು ಕಟಕ ರೊಟ್ಟಿ ಬಡದ ಬಿಡು” ಎಂದೆ. ಸುಮಂಗಲಾ ಎದ್ದು ಹೋಗಿ ರೊಟ್ಟಿ ಬಡಿದಳು. ಅವತ್ತು ಆ ಬಡಿತದ ಸದ್ದು ಯಾಕೋ ಸ್ವಲ್ಪ ಜೋರಾಗಿತ್ತು.

ಹೊರಡುವ ಹಿಂದಿನ ಸಂಜೆ ಚೀಲಗಳನ್ನೆಲ್ಲ ಬಾಗಿಲ ಬಳಿ ತಂದಿಟ್ಟೆವು. ಸುಮಂಗಲಾಳ ಚೀಲ ಮಾತ್ರ ಕಾಣಲಿಲ್ಲ.

“ನಿನ್ನ ಚೀಲ ಎಲ್ಲೈತಿ?” ಎಂದೆ.

“ನನ್ನ ಯಾರ್ ಕರದಾರ?” ಎಂದಳು. ಸಿಟ್ಟಿರಲಿಲ್ಲ, ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟುತ್ತಲೇ ಹೇಳಿದಳು. “ಮಾಸ್ತರ್ಗೆ ಬರ್ರಿ ಅಂದ್ರಿ. ಅತ್ತಿಗಿ ಬಾ ಅಂದ್ರಿ, ಅಕ್ಕಗ ಬಾ ಅಂದ್ರಿ. ನನಗ ರೊಟ್ಟಿ ಬಡಿ ಅಂದ್ರಿ, ಹಂಚು ಕಟ್ಟು ಅಂದ್ರಿ. ಬಾ ಅಂದಿಲ್ಲ.”

ನೆನೆಸಿಕೊಂಡು ನೋಡಿದೆ. ಖರೆ. ಊರಿಗೆಲ್ಲ ಹಂಚಿದ ಮಾತನ್ನು ಇವಳೊಬ್ಬಳಿಗೆ ಹೇಳಿರಲಿಲ್ಲ. ನಾಚಿಕೆಯಾಯಿತು. “ನನ್ನ ತಪ್ಪು. ನೀನೂ ಬಾ” ಎಂದೆ. ಮನಸ್ಸಿನಿಂದ ಹೇಳಿದ ಮಾತು ಅದೊಂದೇ ಇರಬೇಕು.

ಅವಳು ರೊಟ್ಟಿಯ ಗಂಟನ್ನು ನನ್ನ ಕೈಗಿಟ್ಟು ನಕ್ಕಳು. “ಆಗ್ಲಿ ಬಿಡ್ರಿ. ನೀವು ಹೋಗಿ ಬರ್ರಿ.”

ಇಡೀ ಬಳಗದಲ್ಲಿ ಪದ್ಧತಿ ಗೊತ್ತಿದ್ದವಳು ಅವಳೊಬ್ಬಳೇ. “ನಾನೂ ಅವ್ವನ ಕೂಡ ಇರ್ತೇನಿ” ಎಂದು ಮಗಳು ತನ್ನ ಚೀಲವನ್ನು ಒಳಗೆ ಒಯ್ದಳು. ಮುಂಜಾನೆ ಟೆಂಪೊ ಹೊರಟಾಗ ಇಬ್ಬರೂ ಬಾಗಿಲಲ್ಲಿ ನಿಂತು ಕೈ ಬೀಸಿದರು. ಖಾಲಿ ಉಳಿದ ಅವರ ಎರಡು ಸೀಟಿನ ಮೇಲೆ ಅತ್ತೆ ಕಾಲು ಚಾಚಿದಳು.

ಬೆಟ್ಟ ಚೆನ್ನಾಗಿದೆಯಂತೆ. ನೋಡಿ ಬಂದವರು ಹೇಳಿದರು. ಕರೆದವನು ನಾನೇ ಆದ್ದರಿಂದ ಚಹಾ, ಹಿಟ್ಟು, ಹಂಚು ಎಲ್ಲ ನನ್ನ ಪಾಲಿಗೆ ಬಂದವು. ನಾನು ತಟ್ಟಿದ ರೊಟ್ಟಿಯನ್ನು ಮಾಸ್ತರರು ಬೆಳಕಿಗೆ ಹಿಡಿದು ನೋಡಿ, “ಇದು ಯಾವ ಜಿಲ್ಲಾದ ನಕಾಶಾರಿ?” ಎಂದರು. ಎರಡನೆಯ ದಿನ ಮಧ್ಯಾಹ್ನ ಹಿಟ್ಟು ಮೆತ್ತಿದ ಕೈಯಲ್ಲೇ ಮನೆಗೆ ಫೋನ್ ಹಚ್ಚಿದೆ.

“ಹ್ಯಾಂಗದೀರಿ?” ಎಂದೆ.

“ಆರಾಮ ಅದೀವ್ರಿ. ಪೂಜಾ ಚಾ ಮಾಡಿ ಕೊಡತಾಳ, ಸುಮ್ನ ಕುಂತೇನಿ. ಖಾನಾವಳಿಯಿಂದ ಊಟಾ ತರಸೇವಿ, ತಾಟಿಗೆ ಹಾಕ್ಕೊಂಡೇವಿ ಈಗ” ಎಂದಳು ಸುಮಂಗಲಾ. ಆಮೇಲೆ ಅಭ್ಯಾಸಬಲದಿಂದ ಸೇರಿಸಿದಳು: “ಬರ್ರಿ, ಊಟಾ ಮಾಡೂಣು.”

“ಈಗರೆ ಮುಗಿಸಿದೆ, ನೀವು ಮಾಡ್ರಿ” ಅನ್ನಬೇಕಾದ ಜಾಗ ಅದು. ಹಂಚಿನ ಹೊಗೆಗೋ ಹೊರಗಿನ ಮಂಜಿಗೋ ನನ್ನ ಕನ್ನಡಕ ಮಬ್ಬಾಗಿತ್ತು. ಅದನ್ನು ತೆಗೆದೆ, ಅಂಗಿಯ ಚುಂಗಿನಿಂದ ಒರೆಸಿದೆ, ಮತ್ತೆ ಹಾಕಿಕೊಂಡು ಕೇಳಿದೆ:

“ಖರೇನ?”